ಬಾಕಾಹು ಮಾಡೋದು ಸುಲಭ, ಮಾರೋದು?

2021ರ ಲಾಕ್‌ಡೌನ್‌ನಲ್ಲಿ ಬಾಳೆಗೊನೆ ಕೇಳೋರಿಲ್ಲದಾಗ ‘ಅಡಿಕೆ ಪತ್ರಿಕೆ’ ಎಬ್ಬಿಸಿದ ಬಾಕಾಹು, ಅಂದ್ರೆ ಬಾಳೆಕಾಯಿ ಹುಡಿಯ ಅಲೆಗೆ ನಾನೂ ಇಳಿದೆ. ವಾಟ್ಸಾಪ್‌ನಲ್ಲೇ ಕಲಿತೆ, ಅಲ್ಲೇ ಮಾರಿದೆ. ಪೇಟೆ ತೆರೆದದ್ದೇ ಆರ್ಡರ್ ನಿಂತಿತು. 30 ಕಿಲೋ ಹುಡಿಗೆ ಹುಳ ಬಿತ್ತು. ತೋಟಗಾರಿಕೆ ಪದವಿ ಮಾಡಿದವನ ಕತೆ ಇದು!

ತಪ್ಪು ಗಿರಾಕಿಯದ್ದಲ್ಲ. ರೈತರ ಮೇಲಿನ ಕನಿಕರಕ್ಕೆ ಕೊಂಡವರಿಗೆ ಅದನ್ನ ಬಳಸೋದು ಹೇಗಂತ ನಾನು ಹೇಳಿಕೊಡಲೇ ಇಲ್ಲ. ಈಗ ಒಣಗಿಸಿದ ಚೂರನ್ನೇ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಆರ್ಡರ್ ಬಂದ ಮೇಲೆ ಹುಡಿ ಮಾಡ್ತೇನೆ. ಕಾಲು ಕಿಲೋ ಪ್ಯಾಕೆಟ್, ಜೊತೆಗೆ ರೊಟ್ಟಿ ಮಾಡೋ ವಿಡಿಯೊ.

ಪಿಎಂಎಫ್‌ಎಂಇ ಯೋಜನೆ 2020ರಲ್ಲಿ 35% ಸಹಾಯಧನದ ಜೊತೆ ಬಂತು, ನಿಜ. ಆದರೆ ಡ್ರೈಯರ್‌ಗೆ ಸಾಲ ಮಾಡೋ ಮೊದಲು, ಎರಡನೇ ಸಲ ಕೇಳಿ ತರಿಸಿಕೊಳ್ಳೋ ಇಪ್ಪತ್ತು ಮನೆ ಹುಡುಕಿಕೊಳ್ಳಿ. ನನಗೆ ಸಿಕ್ಕಿದ್ದು ಹನ್ನೊಂದು. ಡ್ರೈಯರ್ ಇನ್ನೂ ತಂದಿಲ್ಲ.