ಅಜ್ಜನ ಹೆಸರಿನಲ್ಲಿರುವ ಜೀಪು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಯಾವ ದೊಡ್ಡ ಹಳ್ಳಿಗೆ ಹೋದರೂ ಮೇವಿನ ಬಣವೆಯ ಮಗ್ಗುಲಿಗೋ, ದನದ ಕೊಟ್ಟಿಗೆಯ ಹಿಂದೋ ತಾಡಪತ್ರಿ ಹೊದ್ದು ನಿಂತ ಹಳೆಯ ಜೀಪೊಂದು ಕಣ್ಣಿಗೆ ಬೀಳುವುದುಂಟು. ಒಂದು ಕಾಲಕ್ಕೆ ಅದು ಮನೆತನದ ಗೌರವವಾಗಿತ್ತು. ಮಳೆಗಾಲದ ಎರೆಭೂಮಿಯಲ್ಲಿ ಚಕ್ಕಡಿಯೂ ಹೂತುಹೋಗುವ ದಿನಗಳಲ್ಲಿ ಬಾಣಂತಿಯನ್ನು ದವಾಖಾನೆಗೆ ಮುಟ್ಟಿಸಿದ್ದು, ಎಲ್ಲಮ್ಮನ ಗುಡ್ಡದ ಹುಣ್ಣಿಮೆಗೆ, ಗೊಡಚಿಯ ಜಾತ್ರೆಗೆ ಓಣಿಯ ಮಂದಿಯನ್ನೆಲ್ಲ ಹೇರಿಕೊಂಡು ಹೋದದ್ದು ಅದೇ. ಈಗ ಅಂಥ ಜೀಪುಗಳಿಗೆ ಮತ್ತೆ ಬೇಡಿಕೆ ಬಂದಿದೆ. ಪಟ್ಟಣದ ತರುಣರು ಹುಡುಕಿಕೊಂಡು ಬರುತ್ತಾರೆ. ಮಧ್ಯವರ್ತಿಗಳು ಮನೆ ಬಾಗಿಲಿಗೆ ನಿಲ್ಲುತ್ತಾರೆ. ಕೊಳ್ಳುವವರೂ ಮಾರುವವರೂ ನಮ್ಮ ಓದುಗ ಬಂಧುಗಳೇ ಆಗಿರುವುದರಿಂದ ಈ ತಿಂಗಳು ಈ ವಿಷಯವನ್ನು ತುಸು ವಿವರವಾಗಿ ನೋಡೋಣ.

ಮೊದಲು ವಂಶಾವಳಿ. ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧದ ಅಗತ್ಯಕ್ಕಾಗಿ. ೧೯೪೦ರಲ್ಲಿ ಅಮೆರಿಕದ ಸೇನೆಯು ನಾಲ್ಕೂ ಗಾಲಿಗಳಿಗೆ ಬಲ ಕೊಡುವ ಹಗುರ ವಾಹನವೊಂದನ್ನು ಕೇಳಿತು. ಬ್ಯಾಂಟಮ್ ಎಂಬ ಚಿಕ್ಕ ಸಂಸ್ಥೆ ಮೊದಲ ಮಾದರಿಯನ್ನು ಮಾಡಿಕೊಟ್ಟರೂ ಲಕ್ಷಗಟ್ಟಲೆ ತಯಾರಿಸಿದವರು ವಿಲ್ಲಿಸ್ ಮತ್ತು ಫೋರ್ಡ್ ಸಂಸ್ಥೆಗಳವರು. ಯುದ್ಧ ಮುಗಿದ ಮೇಲೆ ವಿಲ್ಲಿಸ್ ಸಂಸ್ಥೆ ಅದನ್ನೇ ರೈತರಿಗಾಗಿ ‘ಸಿಜೆ’ ಎಂಬ ಹೆಸರಿನಲ್ಲಿ ಮಾರಲಾರಂಭಿಸಿತು. ೧೯೪೫ರಲ್ಲಿ ಸ್ಥಾಪನೆಗೊಂಡ, ಮುಂದೆ ಮಹೀಂದ್ರಾ ಅಂಡ್ ಮಹೀಂದ್ರಾ ಎನಿಸಿಕೊಂಡ ಸಂಸ್ಥೆಯು ೧೯೪೦ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಅದರ ಜೋಡಣೆಗೆ ತೊಡಗಿತು. ಸಿಜೆ-೩ಬಿ ಎಂಬ ಮಾದರಿಯ ತಯಾರಿಕೆ ಅಮೆರಿಕದಲ್ಲಿ ೧೯೬೮ರಲ್ಲಿ ನಿಂತರೂ ನಮ್ಮ ದೇಶದಲ್ಲಿ ಅದೇ ರೂಪ ಬಹುಕಾಲ ಮುಂದುವರಿಯಿತು. ನಮ್ಮ ಭಾಗದ ಕೊಟ್ಟಿಗೆಗಳಲ್ಲಿ ಇಂದು ಸಿಗುವವು ಹೆಚ್ಚಾಗಿ ಈ ಸಂತತಿಯವು.

ಹೀಗಿರುವಾಗ “ಇದು ಯುದ್ಧಕಾಲದ ವಿಲ್ಲಿಸ್” ಎಂದು ಯಾರಾದರೂ ಹೇಳಿ ಬೆಲೆ ಏರಿಸಿದರೆ ನಂಬುವ ಮೊದಲು ಎದುರಿಗೆ ನಿಂತು ಜಾಲರಿಯ ಸೀಳುಗಳನ್ನು ಎಣಿಸಬೇಕು. ಯುದ್ಧಕಾಲದ ಅಚ್ಚೊತ್ತಿದ ಜಾಲರಿಗೆ ಒಂಬತ್ತು ಸೀಳುಗಳು; ಯುದ್ಧಾನಂತರದ ಸಿಜೆಗೆ ಏಳು. ಮೊದಲನೆಯದರಲ್ಲಿ ದೀಪಗಳು ಚಿಕ್ಕವು, ಜಾಲರಿಯ ಹಿಂದಕ್ಕೆ ಒಳಸರಿದವು. ಹಿಂಬದಿಗೆ ಇಳಿಸುವ ಬಾಗಿಲಿಲ್ಲ. ಸಿಜೆ-೩ಬಿಯ ಬಾನೆಟ್ಟು ಎದ್ದು ಕಾಣುವಷ್ಟು ಎತ್ತರ. ಅದರ ೨.೨ ಲೀಟರಿನ ಹರಿಕೇನ್ ಎಂಜಿನ್ನಿನಲ್ಲಿ ಒಳಹರಿವಿನ ವಾಲ್ವುಗಳು ಮೇಲೆ, ಹೊರಹರಿವಿನವು ಬದಿಗೆ ಇರುವುದರಿಂದ ಎಂಜಿನ್ನೇ ಎತ್ತರವಾಗಿ, ಬಾನೆಟ್ಟನ್ನೂ ಏರಿಸಬೇಕಾಯಿತು. ಆದರೆ ಜಾಲರಿಯನ್ನು ನಾಲ್ಕು ಬೋಲ್ಟು ಬಿಚ್ಚಿ ಬದಲಿಸಬಹುದು. ಚಾಸಿಯನ್ನು ಬದಲಿಸುವುದು ಅಷ್ಟು ಸುಲಭವಲ್ಲ. ಆದ್ದರಿಂದ ನೆಲಕ್ಕೆ ಬಾಗಿ ಚಾಸಿಯ ಮುಂದಿನ ಅಡ್ಡಪಟ್ಟಿಯನ್ನು ನೋಡಬೇಕು. ವಿಲ್ಲಿಸ್ ತಯಾರಿಸಿದ ಯುದ್ಧಕಾಲದ ಜೀಪಿನಲ್ಲಿ ಅದು ದುಂಡು ಕೊಳವೆ. ಫೋರ್ಡಿನದರಲ್ಲಿ ಬೋರಲು ಹಾಕಿದ ತೊಟ್ಟಿಯಂತೆ ಚೌಕ. ಫೋರ್ಡ್ ಸಂಸ್ಥೆ ತಾನು ಮಾಡಿದ ಬಿಡಿಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, ತನ್ನ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರವನ್ನು ಒತ್ತುತ್ತಿತ್ತು. ತಂತಿ ಬ್ರಷ್ಷಿನಿಂದ ಮಣ್ಣು ಉಜ್ಜಿದರೆ ಆ ಅಕ್ಷರ ಇಂದಿಗೂ ಓದಲು ಸಿಗುತ್ತದೆ.

ಹಳೆಯ ಜೀಪು ಒಂದೇ ಮನೆಯ ಸರಕಾಗಿ ಉಳಿದಿರುವುದು ಅಪರೂಪ. ಐವತ್ತು ವರ್ಷಗಳಲ್ಲಿ ಒಂದರ ಎಂಜಿನ್ನು, ಮತ್ತೊಂದರ ಗೇರು ಪೆಟ್ಟಿಗೆ, ಮೂರನೆಯದರ ಹಿಂದಿನ ಆಕ್ಸಲ್ಲು ಬಂದು ಕೂಡಿರುತ್ತವೆ. ಗುಜರಿಯಲ್ಲಿ ಸಿಕ್ಕಿದ್ದನ್ನು ತಂದು ಗಾಡಿ ನಡೆಸಿದ ಮೇಸ್ತ್ರಿಯ ಜಾಣ್ಮೆಯನ್ನು ನಾವು ಹೀಗಳೆಯಲಾರೆವು. ಆದರೆ ಯಾವುದು ಎಲ್ಲಿಯದೆಂದು ತಿಳಿಯದೆ ಕೊಂಡರೆ ಮುಂದೆ ಕಷ್ಟ. ಇದಕ್ಕೆ ನಮ್ಮ ಅನುಭವಕ್ಕೆ ಬಂದ ಪ್ರಸಂಗವೊಂದನ್ನು ಹೇಳಬಹುದು.

ಕೆಲವು ವರ್ಷಗಳ ಹಿಂದೆ ಕಿತ್ತೂರ ಸೀಮೆಯ ಹಳ್ಳಿಯೊಂದರಲ್ಲಿ ಎತ್ತರ ಬಾನೆಟ್ಟಿನ ಪೆಟ್ರೋಲ್ ಜೀಪೊಂದನ್ನು ನಾವು ಕೊಂಡೆವು. ಚಾಸಿ ಗಟ್ಟಿಯಾಗಿತ್ತು. ಕಮಾನು ಪಟ್ಟಿಗಳ ಕೊಂಡಿಗಳ ಬಳಿ ಬಿರುಕಿರಲಿಲ್ಲ. ಎಂಜಿನ್ನಿನ ಮುಂಭಾಗದ ಬಲ ಮಗ್ಗುಲಲ್ಲಿ ಒತ್ತಿದ ಸಂಖ್ಯೆ ಆರ್.ಸಿ. ಪುಸ್ತಕದ ಸಂಖ್ಯೆಗೆ ಸರಿಹೊಂದಿತು. ದೋಷ ಒಂದೇ: ನಾಲ್ಕು ಗಾಲಿಗೆ ಬಲ ಕೊಡುವ ಹಿಡಿಕೆಯನ್ನು ಒಮ್ಮೆ ಹಾಕಿದರೆ ಗಟ್ಟಿ ರಸ್ತೆಯ ಮೇಲೆ ಹಿಂದಕ್ಕೆ ಬರುತ್ತಿರಲಿಲ್ಲ. ಗೇರು ಪೆಟ್ಟಿಗೆಯನ್ನೇ ಬಿಚ್ಚಬೇಕೆಂದು ಒಬ್ಬರು, ಮಾರಿಬಿಡಬೇಕೆಂದು ಇನ್ನೊಬ್ಬರು. ಬೈಲಹೊಂಗಲದ ವೃದ್ಧ ಮೇಸ್ತ್ರಿಯೊಬ್ಬರು ಮಾತ್ರ, “ಬಿಚ್ಚೂದು ಆಮ್ಯಾಲ ರೀ ಅಪ್ಪಾರ, ಮದಲ ಎಣಸೋಣು” ಎಂದರು.

ಅವರು ಎಣಿಸಿದ ಬಗೆಯನ್ನು ಬರೆದಿಡುವುದು ಯೋಗ್ಯ. ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ, ಉಳಿದ ಮೂರು ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಹಿಂದಿನ ಒಂದು ಗಾಲಿಯನ್ನು ಮಾತ್ರ ಜಾಕಿನಿಂದ ಎತ್ತಬೇಕು. ಗೇರು ನ್ಯೂಟ್ರಲ್ಲಿನಲ್ಲಿರಬೇಕು. ಹಳೆಯ ಮಾದರಿಗಳಲ್ಲಿ ಕೈಬ್ರೇಕು ಗಾಲಿಯನ್ನಲ್ಲ, ಹಿಂದಕ್ಕೆ ಹೋಗುವ ಶಾಫ್ಟನ್ನೇ ಹಿಡಿಯುವುದರಿಂದ ಅದನ್ನು ಬಿಡಬೇಕು. ಕಲ್ಲು ಕೊಡದೆ ಬಿಟ್ಟರೆ ಗಾಡಿ ಉರುಳುತ್ತದೆ ಎಂಬ ಎಚ್ಚರವೂ ಇರಬೇಕು. ಗಾಲಿಗೂ ಶಾಫ್ಟಿಗೂ ಸುಣ್ಣದ ಗುರುತು ಹಾಕಿ, ಎತ್ತಿದ ಗಾಲಿಯನ್ನು ಪೂರ್ತಿ ಎರಡು ಸುತ್ತು ತಿರುಗಿಸಿ, ಶಾಫ್ಟು ಎಷ್ಟು ಸುತ್ತಿತೆಂದು ಎಣಿಸಬೇಕು. ಇನ್ನೊಂದು ಗಾಲಿ ನೆಲದ ಮೇಲೆ ನಿಂತಿರುವುದರಿಂದ ಡಿಫರೆನ್ಶಿಯಲ್ಲಿನೊಳಗಿನ ಕ್ರೌನು ಆಗ ಒಂದೇ ಸುತ್ತು ತಿರುಗಿರುತ್ತದೆ. ಸಿಜೆಯ ಅನುಪಾತ ೫.೩೮, ಅಂದರೆ ಶಾಫ್ಟು ಐದೂ ಮೂರನೆಯ ಒಂದಕ್ಕಿಂತ ತುಸು ಹೆಚ್ಚು ಸುತ್ತು ಸುತ್ತಬೇಕು. ಯುದ್ಧಕಾಲದ ಜೀಪಿನದು ೪.೮೮, ಅಂದರೆ ಐದಕ್ಕೆ ತುಸು ಕಡಿಮೆ. ಮುಂದಿನ ಆಕ್ಸಲ್ಲನ್ನೂ ನಾಲ್ಕು ಗಾಲಿಯ ಹಿಡಿಕೆ ಬಿಡಿಸಿ ಇದೇ ರೀತಿ ಎಣಿಸಬೇಕು.

ನಮ್ಮ ಜೀಪಿನ ಮುಂದಿನದು ೫.೩೮; ಹಿಂದಿನದು ೪.೮೮. ಯಾವ ಕಾಲದಲ್ಲೋ ಸೇನೆಯ ಹಳೆಯ ಜೀಪಿನ ಆಕ್ಸಲ್ಲು ಬಂದು ಹಿಂದೆ ಕುಳಿತಿತ್ತು. ಒಂದೇ ಪೆಟ್ಟಿಗೆಯಿಂದ ಹೊರಟ ಬಲ ಹಿಂದಿನ ಗಾಲಿಗಳನ್ನು ಮುಂದಿನವಕ್ಕಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ವೇಗದಲ್ಲಿ ತಿರುಗಿಸಲು ಹವಣಿಸುತ್ತಿತ್ತು. ಕೆಸರಿನಲ್ಲಿ ಗಾಲಿ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ; ಗಟ್ಟಿ ರಸ್ತೆಯ ಮೇಲೆ ಕಳೆಯದೆ ಶಾಫ್ಟುಗಳು ಹುರಿಗೊಂಡು ಹಿಡಿಕೆ ಬಿಗಿಯುತ್ತದೆ. ಹೊಂದುವ ಕ್ರೌನು-ಪಿನಿಯನ್ನುಳ್ಳ ಆಕ್ಸಲ್ಲು ಹುಬ್ಬಳ್ಳಿಯಲ್ಲಿ ದೊರೆಯಿತು. ಗೇರು ಪೆಟ್ಟಿಗೆಗೆ ಯಾರೂ ಕೈ ಹಚ್ಚಬೇಕಾಗಲಿಲ್ಲ.

ಯಂತ್ರದ ಗಂಟು ಹೀಗೆ ಬಿಚ್ಚಿತು. ಕಾಗದದ ಗಂಟು ಅದಕ್ಕಿಂತ ಬಿಗಿಯಾಗಿತ್ತು. ಆರ್.ಸಿ. ಪುಸ್ತಕ ಲಿಂಗೈಕ್ಯರಾಗಿ ಹಲವು ವರ್ಷಗಳಾಗಿದ್ದ ಹಿರಿಯರ ಹೆಸರಿನಲ್ಲಿಯೇ ಇತ್ತು. ಮೂವರು ಮಕ್ಕಳೂ ಬಾಂಡ್ ಕಾಗದದ ಮೇಲೆ ಸಹಿ ಮಾಡಿ ಕೀಲಿ ಕೊಡಲು ಸಿದ್ಧರಿದ್ದರು. ಹೆಸರು ಬದಲಿಸದೆ ಕೊಳ್ಳಲಾರೆವೆಂದು ನಾವು ಹೇಳಿದಾಗ ಅವರ ತಾಯಿಯವರು, “ಅವ್ರ ಹೆಸರು ಪುಸ್ತಕದಾಗರ ಇರ್ಲಿ ಬಿಡ್ರಿ. ಮನ್ಯಾಗ ಉಳದದ್ದು ಅದೊಂದ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಮಾತಿಗೆ ಒಮ್ಮೆಲೆ ಉತ್ತರ ಹೊಳೆಯಲಿಲ್ಲ. ಹೆಸರೆಂಬುದು ಮನೆಯವರಿಗೆ ನೆನಪು. ಕಾಯಿದೆಗೆ ಮಾತ್ರ ಅದು ಹೊಣೆ.

ಆ ಹೊಣೆ ಎಷ್ಟು ಭಾರವೆಂಬುದನ್ನು ಸರ್ವೋಚ್ಚ ನ್ಯಾಯಾಲಯದ ೨೦೧೮ರ ಫೆಬ್ರವರಿಯ ತೀರ್ಪೊಂದು ಸ್ಪಷ್ಟಪಡಿಸಿದೆ. ಒಬ್ಬರು ೨೦೦೭ರಲ್ಲಿ ತಮ್ಮ ವಾಹನವನ್ನು ಮಾರಿದರು. ಅದು ಕೈಯಿಂದ ಕೈಗೆ ದಾಟಿ ಹೋಯಿತು; ಪುಸ್ತಕದಲ್ಲಿ ಹೆಸರು ಮಾತ್ರ ಬದಲಾಗಲಿಲ್ಲ. ೨೦೦೯ರಲ್ಲಿ ಅದು ಅಪಘಾತಕ್ಕೀಡಾಗಿ ಬಾಲಕನೊಬ್ಬ ಅಸುನೀಗಿದ. ಪರಿಹಾರ ಕೊಡಬೇಕಾದವರು ಕೊನೆಗೆ ಕೊಂಡವರಲ್ಲ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಎಂದು ನ್ಯಾಯಾಲಯ ತೀರ್ಮಾನಿಸಿತು. ನೊಂದ ಕುಟುಂಬವು ಮಾರಾಟದ ಸರಪಳಿ ಹಿಡಿದು ಒಬ್ಬೊಬ್ಬರ ಮನೆ ಬಾಗಿಲಿಗೂ ಅಲೆಯಬಾರದು ಎಂಬುದು ಅದರ ಹಿಂದಿನ ನ್ಯಾಯ. ಮಾರಿ ಹಣ ಎಣಿಸಿಕೊಂಡ ಮಾತ್ರಕ್ಕೆ ಗಾಡಿ ನಮ್ಮಿಂದ ದೂರವಾಗುವುದಿಲ್ಲ ಎಂಬುದನ್ನು ಪ್ರತಿ ಮನೆಯ ಯಜಮಾನರೂ ನೆನಪಿಡಬೇಕು. ಆ ತಾಯಿಯವರಿಗೆ ಇದನ್ನು ತಿಳಿಸಿ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ತಾವೇ ಒಳಗಿನಿಂದ ಪುಸ್ತಕ ತಂದುಕೊಟ್ಟರು.

ಕ್ರಮ ಇಂತಿದೆ. ಒಡೆಯರು ತೀರಿಕೊಂಡರೆ ವಾರಸುದಾರರು ಮೂವತ್ತು ದಿನಗಳೊಳಗೆ ನೋಂದಣಿ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ ೩೧ರಲ್ಲಿ ಅರ್ಜಿ ಹಾಕಬೇಕು. ಹಲವರು ಮಕ್ಕಳಿದ್ದರೆ ಒಬ್ಬರ ಹೆಸರಿಗೆ ಮಾಡಲು ಉಳಿದವರು ಒಪ್ಪಿಗೆಯನ್ನು ಬರೆದುಕೊಡಬೇಕಾಗುತ್ತದೆ. ಹೆಣ್ಣುಮಕ್ಕಳನ್ನು ಇಲ್ಲಿ ಮರೆಯಬಾರದು. ಮಾರಾಟವಾದರೆ ಮಾರುವವರು ನಮೂನೆ ೨೯, ಕೊಳ್ಳುವವರೊಂದಿಗೆ ನಮೂನೆ ೩೦ ಸಲ್ಲಿಸಬೇಕು. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು ಹದಿನಾಲ್ಕು ದಿನಗಳಲ್ಲಿ ತಿಳಿಸಬೇಕು. ಕೊಲ್ಲಾಪುರದ ಕಡೆಗೋ ಗೋವಾದ ಕಡೆಗೋ ಹೋಗುವ ಗಾಡಿಗೆ ನಮೂನೆ ೨೮ರ ನಿರಾಕ್ಷೇಪಣಾ ಪತ್ರ ಬೇಕು. ಬ್ಯಾಂಕಿನ ಸಾಲ ನಮೂದಾಗಿದ್ದರೆ ಅದು ಎಂದೋ ತೀರಿದ್ದರೂ ನಮೂನೆ ೩೫ರ ಮೂಲಕ ಕಳೆಸಿಕೊಳ್ಳಬೇಕು. ಕೆ.ಎ. ೨೪ ನಮ್ಮ ಬೈಲಹೊಂಗಲದ ಕಚೇರಿಯ ಗುರುತು. ಆದರೆ ಬಹಳ ಹಳೆಯ ಗಾಡಿಗಳ ದಾಖಲೆ ಬೇರೆ ಕಚೇರಿಯ ಕಡತದಲ್ಲಿರಬಹುದು, ಗಣಕಯಂತ್ರಕ್ಕೆ ಏರದೆಯೂ ಇರಬಹುದು. ಆ ವಿಚಾರಣೆ ಮುಗಿಯುವವರೆಗೆ ಪೂರ್ತಿ ಹಣ ಕೊಡುವುದು ಸಲ್ಲದು.

ಇನ್ನೆರಡು ಎಚ್ಚರಿಕೆಗಳು. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಗಳದು. ಬಳಿಕ ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೊಳಪಡಿಸಿ ನವೀಕರಿಸಬೇಕು. ಹಳೆಯ ಗಾಡಿಗಳ ನವೀಕರಣ ಶುಲ್ಕ ೨೦೨೨ರಲ್ಲಿ ಏರಿತು. ಇಪ್ಪತ್ತು ವರ್ಷ ಮೀರಿದವಕ್ಕೆ ೨೦೨೫ರಲ್ಲಿ ಮತ್ತೆ ಏರಿತು. ಇದನ್ನು ಲೆಕ್ಕಕ್ಕೆ ಹಿಡಿದೇ ಬೆಲೆ ಕಟ್ಟಬೇಕು. ಎರಡನೆಯದು, ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ ಗಾಡಿಗಳು. ಆ ಬದಲಾವಣೆ ಪುಸ್ತಕದಲ್ಲಿ ನಮೂದಾಗಿಲ್ಲದಿದ್ದರೆ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ ಅದು ತಪ್ಪು. ಹರಿಯಾಣದ ಮಂಡಿ ಡಬ್ವಾಲಿಯಂಥ ಊರುಗಳಲ್ಲಿ ಹಳೆಯ ಜೀಪುಗಳನ್ನು ಹೊಸ ಮೈಕಟ್ಟಿನಲ್ಲಿ ಸಿಂಗರಿಸುವ ಕಸುಬು ಹೆಸರಾಗಿದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ ೨೦೧೯ರಲ್ಲಿ ಹೇಳಿದ್ದರಿಂದ, ಅಂಥ ಹೊಳಪಿಗೆ ಮರುಳಾಗುವ ಮುನ್ನ ಪುಸ್ತಕದ ಪ್ರತಿ ಸಾಲನ್ನೂ ಗಾಡಿಯೊಂದಿಗೆ ತಾಳೆ ನೋಡಬೇಕು. ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ವಾಹನಗಳಿಗೆ ೨೦೨೧ರಿಂದ ಪಾರಂಪರಿಕ ನೋಂದಣಿಯ ಅವಕಾಶವಿದೆ. ಆದರೆ ಹಾಗೆ ನೋಂದಾಯಿಸಿದ್ದನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ಮೆರವಣಿಗೆಗಳಿಗಷ್ಟೇ ಅದು ಸಲ್ಲುತ್ತದೆ. ಹೊಲಕ್ಕೆ ಹೋಗುವ ರೈತನಿಗೆ ಅದರಿಂದ ಪ್ರಯೋಜನವಿಲ್ಲ.

ನಮ್ಮ ಜೀಪನ್ನು ಮುಂದೆ ರಾಮದುರ್ಗದ ಕಡೆಯ ಒಕ್ಕಲುತನದ ಮನೆಯವರು ಕೊಂಡರು. ಕೊಡುವ ಮುನ್ನ ಒಂದು ಹಾಳೆಯಲ್ಲಿ ಎರಡು ಸಾಲು ಗೀಟಿ, ಯಾವ ಭಾಗ ಮೂಲದ್ದು, ಯಾವುದು ಬೇರೆಡೆಯಿಂದ ಬಂದದ್ದು, ಯಾವುದರ ಆಯುಷ್ಯ ಮುಗಿಯುತ್ತ ಬಂದಿದೆ ಎಂದು ಬರೆದುಕೊಟ್ಟೆವು. ಎರಡನೆಯ ಗೇರು ಇಳುಕಲಿನಲ್ಲಿ ಒಮ್ಮೊಮ್ಮೆ ಹಾರುತ್ತದೆ, ಸ್ಟಿಯರಿಂಗಿನ ಕಿಂಗ್‌ಪಿನ್ನಿನಲ್ಲಿ ಸಡಿಲವಿದೆ, ಮೈಕಟ್ಟಿನ ನೆಲತಗಡು ಹೊಸದು ಎಂಬುದೆಲ್ಲ ಅದರಲ್ಲಿತ್ತು. ಅವರು ಹಾಳೆಯನ್ನು ಎರಡು ಸಲ ಓದಿ ಹನ್ನೆರಡು ಸಾವಿರ ರೂಪಾಯಿ ಇಳಿಸಿ ಕೇಳಿದರು. ಕೇಳಿದ್ದು ನ್ಯಾಯವೇ ಆದ್ದರಿಂದ ಒಪ್ಪಿಕೊಂಡೆವು. ಹೆಸರು ಬದಲಾದ ಪುಸ್ತಕ ಅವರ ಕೈ ಸೇರಿದ ದಿನವೇ ಕೀಲಿಯನ್ನೂ ಒಪ್ಪಿಸಿದೆವು. ಅಡಗಿಸಿ ಮಾರಿದ್ದರೆ ಆ ಹನ್ನೆರಡು ಸಾವಿರ ನಮ್ಮಲ್ಲಿ ಉಳಿಯುತ್ತಿತ್ತು. ಎರಡನೆಯ ಗೇರು ಹಾರುವ ಇಳುಕಲಿನಲ್ಲಿ ಅವರ ಮಕ್ಕಳೂ ಕುಳಿತಿರುತ್ತಿದ್ದರು. ಕಾಯಕ ಶುದ್ಧವಾಗಿರಬೇಕೆಂದು ಹಿರಿಯರು ಹೇಳಿದ್ದು ಅಂಗಡಿ, ಹೊಲಗಳಿಗಷ್ಟೇ ಅಲ್ಲ, ಹಳೆಯ ಗಾಡಿಯ ವ್ಯಾಪಾರಕ್ಕೂ ಅನ್ವಯಿಸುತ್ತದೆ.

ನಿಮ್ಮ ಕೊಟ್ಟಿಗೆಯಲ್ಲಿ ಅಂಥ ಜೀಪು ನಿಂತಿದ್ದರೆ, ಮಾರುವ ವಿಚಾರ ಇರಲಿ ಬಿಡಲಿ, ಈ ವಾರವೇ ಅದರ ಪುಸ್ತಕವನ್ನು ಹೊರತೆಗೆದು ಯಾರ ಹೆಸರಿದೆಯೆಂದು ನೋಡಿರಿ. ಹಿರಿಯರ ಹೆಸರಿದ್ದರೆ ಮನೆಯವರೆಲ್ಲ ಒಂದೆಡೆ ಕುಳಿತು, ಅದು ಯಾರ ಹೆಸರಿಗೆ ಆಗಬೇಕೆಂಬುದನ್ನು ತೀರ್ಮಾನಿಸಿರಿ. ಜಾಲರಿಯ ಸೀಳುಗಳನ್ನು ಎಣಿಸುವ ಕೆಲಸವನ್ನು ಮಕ್ಕಳಿಗೆ ಬಿಡಿರಿ. ಅವರು ಅದನ್ನು ಸಂತೋಷದಿಂದ ಮಾಡಿಯಾರು.