ಅಜ್ಜಿಯ ಕಣ್ಣಿಗೆ ಕೆಂಪು ಟಾರ್ಚೋ, ಒಳ್ಳೆ ಬಲ್ಬೋ?

ನಮ್ಮ ಫೋನಿನಲ್ಲಿ ಈಗ ಕೆಂಪು ಬೆಳಕಿನ ಜಾಹೀರಾತುಗಳದ್ದೇ ಹಾವಳಿ. ಮುಖಕ್ಕೆ ಮಾಸ್ಕ್, ಮಂಡಿಗೆ ಪಟ್ಟಿ, ಕಣ್ಣಿಗೆ ಟಾರ್ಚ್. ದಿನಾ ಮೂರು ನಿಮಿಷ ನೋಡಿದರೆ ವಯಸ್ಸಾದವರ ಕಣ್ಣಿನ ಆಯಾಸ ಮಾಯ ಅನ್ನೋ ಧಾಟಿ. ಮನೆಯವರು ಇಂಥದ್ದನ್ನು ಕೊಳ್ಳುವ ಮೊದಲು ಕೇಳೋದು ನಮ್ಮನ್ನೇ, "ಎಂಜಿನಿಯರಿಂಗ್ ಓದ್ತಿದ್ದೀಯಲ್ಲ, ಇದು ಕೆಲಸ ಮಾಡುತ್ತಾ?" ಅಂತ. ಹಾಗಾಗಿ ಈ ವಿಷಯದಲ್ಲಿ ನಮಗೊಂದು ಅಭಿಪ್ರಾಯ ಇರಲೇಬೇಕು. ಹಿರಿಯರ ಕಣ್ಣಿಗೆ ಬೆಳಕು ಬೇಕು, ನಿಜ. ಆದರೆ ಅದು ಶುರುವಾಗಬೇಕಾದದ್ದು ಅವರು ಕೂತು ಓದುವ ಜಾಗದ ಬಲ್ಬಿನಿಂದ.

ಕೆಂಪು ಬೆಳಕಿನ ಹಿಂದೆ ವಿಜ್ಞಾನ ಇಲ್ಲವೇ ಇಲ್ಲ ಅಂತಲ್ಲ. 2020ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಗ್ಲೆನ್ ಜೆಫ್ರಿ ಅವರ ತಂಡ 24 ಜನರಿಗೆ ಎರಡು ವಾರ, ದಿನಕ್ಕೆ ಮೂರು ನಿಮಿಷ 670 ನ್ಯಾನೋಮೀಟರ್ ಬೆಳಕು ತೋರಿಸಿತು. ವಯಸ್ಸಾದಂತೆ ರೆಟಿನಾದ ಮೈಟೋಕಾಂಡ್ರಿಯಾ ಸೋಲುತ್ತವೆ, ಈ ಬೆಳಕು ಅವಕ್ಕೆ ಚುರುಕು ಕೊಡುತ್ತೆ ಅನ್ನೋದು ಅವರ ವಾದ. 40 ದಾಟಿದ ಕೆಲವರಲ್ಲಿ ಬಣ್ಣಗಳ ವ್ಯತ್ಯಾಸ ಗುರುತಿಸುವ ಶಕ್ತಿ ಶೇ. 20ರವರೆಗೆ ಹೆಚ್ಚಿತು.

ಆದರೆ ಲ್ಯಾಬ್ ರೆಕಾರ್ಡ್ ಬರೆಯುವ ನಾವು ಮೊದಲು ನೋಡಬೇಕಾದ್ದು, ಅಲ್ಲಿ ಅಳೆದದ್ದು ಏನು ಅನ್ನೋದನ್ನ. ಅಳೆದದ್ದು ಬಣ್ಣದ ಕಾಂಟ್ರಾಸ್ಟ್. ಓದುವಾಗ ಬರುವ ಕಣ್ಣುನೋವು, ತಲೆನೋವು ಅಲ್ಲ. ಜನ ಬರೀ 24. ಇನ್ನು ಆನ್‌ಲೈನ್ ಟಾರ್ಚಿನ ಡಬ್ಬಿ ಮೇಲೆ ವೇವ್‌ಲೆಂತ್ ಬರೆದಿದ್ದರೂ, ಕಣ್ಣಿಗೆ ಬೀಳುವ ಪವರ್ ಎಷ್ಟು ಅಂತ ಇಲ್ಲದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. ಮಕ್ಕಳ ಸಮೀಪದೃಷ್ಟಿಗೆ ಬಳಸುವ ಕೆಂಪು ಲೇಸರ್ ಸಾಧನದಿಂದ ರೆಟಿನಾಗೆ ಪೆಟ್ಟು ಬಿದ್ದ ಪ್ರಕರಣ 2023ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ವರದಿಯಾಗಿದೆ. ಅಮೆರಿಕದ ಎಫ್‌ಡಿಎ 2024ರಲ್ಲಿ ಒಂದು ಬೆಳಕಿನ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿದೆ, ಸರಿ. ಅದು ಮ್ಯಾಕ್ಯುಲಾ ಸವೆಯುವ ಒಂದು ಕಾಯಿಲೆಗೆ, ಅದೂ ವೈದ್ಯರ ಕೈಯಲ್ಲಿ. ದಣಿದ ಕಣ್ಣಿಗಲ್ಲ.

ಹಾಗಾದ್ರೆ ಹಿರಿಯರ ಕಣ್ಣು ದಣಿಯೋದು ಯಾಕೆ? 40ರ ನಂತರ ಕಣ್ಣಿನ ಲೆನ್ಸ್ ಗಟ್ಟಿಯಾಗಿ ಹತ್ತಿರದ್ದಕ್ಕೆ ಫೋಕಸ್ ಆಗಲ್ಲ. ವಯಸ್ಸಾದಂತೆ ಪಾಪೆ ಕಿರಿದಾಗುತ್ತೆ, ಲೆನ್ಸ್ ಹಳದಿಯಾಗುತ್ತೆ. 20ರ ಕಣ್ಣಿಗೆ ಹೋಲಿಸಿದರೆ 60ರ ಕಣ್ಣಿನ ರೆಟಿನಾ ತಲುಪುವ ಬೆಳಕು ಅಂದಾಜು ಮೂರನೇ ಒಂದು ಭಾಗ. ನಮಗೆ ಸಾಕಾಗುವ ಬೆಳಕು ಅಜ್ಜಿಗೆ ಮಬ್ಬು.

ಈಗ ಮನೆಗಳನ್ನ ನೋಡಿ. ಹಾಲ್‌ನಲ್ಲಿ ಒಂದೇ ಟ್ಯೂಬ್‌ಲೈಟ್, ಅದೂ ಬೆನ್ನ ಹಿಂದೆ. ಪೇಪರ್ ಮೇಲೆ ಬೀಳೋದು ಅವರದ್ದೇ ನೆರಳು. ಇಲ್ಲಿ ಪಿಯುಸಿ ಫಿಸಿಕ್ಸ್ ಸಾಕು. ಬಲ್ಬನ್ನು ಎರಡು ಮೀಟರ್ ದೂರದಿಂದ ಒಂದು ಮೀಟರಿಗೆ ತಂದರೆ ಪುಟದ ಮೇಲಿನ ಬೆಳಕು ನಾಲ್ಕು ಪಟ್ಟು, ಕರೆಂಟ್ ಬಿಲ್ ಅಷ್ಟೇ. ಪಕ್ಕದಿಂದ ಬೀಳುವ, ಕಣ್ಣಿಗೆ ನೇರವಾಗಿ ಕುಕ್ಕದ, ಶೇಡ್ ಇರುವ ಒಂದು ಟೇಬಲ್ ಲ್ಯಾಂಪ್ ಇಟ್ಟರೆ ಆಯ್ತು.

ಇನ್ನೊಂದು ಕನ್ನಡಕ. ಅಸ್ಸಾಂನ ಚಹಾ ತೋಟಗಳಲ್ಲಿ 40 ದಾಟಿದ 751 ಕಾರ್ಮಿಕರ ಮೇಲೆ ನಡೆದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಓದುವ ಕನ್ನಡಕ ಸಿಕ್ಕವರು ಸಿಗದವರಿಗಿಂತ ದಿನಕ್ಕೆ ಸುಮಾರು ಐದು ಕೆಜಿ ಎಲೆ ಹೆಚ್ಚು ಕಿತ್ತರು. ಇಷ್ಟು ಗಟ್ಟಿಯಾದ ಸಾಕ್ಷಿ ಇರುವ ಅಗ್ಗದ ಸಾಧನ ಇರುವಾಗ, ಸಾವಿರಾರು ರೂಪಾಯಿ ಟಾರ್ಚಿಗೆ ಯಾಕೆ?

ನಮಗೆ ಹೆಚ್ಚು ಚಿಂತೆ ಬೇರೆಯದು. ಟಾರ್ಚ್ ಬಂದ ಮೇಲೆ "ಟ್ರೀಟ್‌ಮೆಂಟ್ ನಡೀತಿದೆಯಲ್ಲ" ಅಂತ ಡಾಕ್ಟರ್ ಹತ್ರ ಹೋಗೋದು ನಿಂತುಹೋಗಬಹುದು. ಗ್ಲಾಕೋಮಾ ಶುರುವಿನಲ್ಲಿ ನೋವೇ ಕೊಡಲ್ಲ, ಹೋದ ದೃಷ್ಟಿ ವಾಪಸ್ ಬರಲ್ಲ. ಶುಗರ್ ಇರುವವರ ರೆಟಿನಾ ಸದ್ದಿಲ್ಲದೆ ಹಾಳಾಗುತ್ತೆ. ಕ್ಯಾಟರಾಕ್ಟ್‌ಗೆ ಬೇಕಿರೋದು ಆಪರೇಷನ್.

ಮುಂದೊಂದು ದಿನ ದೊಡ್ಡ ಪ್ರಯೋಗಗಳು ಕೆಂಪು ಬೆಳಕಿನ ಪರವಾಗಿ ಬಂದರೆ ನಾವೇ ಮೊದಲು ಚಪ್ಪಾಳೆ ಹೊಡೀತೀವಿ. ಬಹುಶಃ ಆ ಸಾಧನ ನಮ್ಮಲ್ಲೇ ಯಾರಾದರೂ ಡಿಸೈನ್ ಮಾಡಬಹುದು. ಅಲ್ಲಿವರೆಗೆ, ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಸಂಜೆ ಹೊತ್ತು ಹಿರಿಯರು ಕೂರುವ ಕುರ್ಚಿಯಲ್ಲಿ ಒಮ್ಮೆ ಕೂತು ನೋಡೋಣ. ಬೆಳಕು ಎಲ್ಲಿಂದ ಬೀಳುತ್ತಿದೆ, ಕನ್ನಡಕ ಯಾವ ಕಾಲದ್ದು, ಕಣ್ಣು ಟೆಸ್ಟ್ ಮಾಡಿಸಿ ಎಷ್ಟು ವರ್ಷ ಆಯ್ತು ಅಂತ ಕೇಳೋಣ. ಲ್ಯಾಂಪ್ ಆಮೇಲೆ ಆರ್ಡರ್ ಮಾಡಿದರಾಯ್ತು.