ಗೆದ್ವಿ ಅನ್ನೋದು ಯಾವಾಗ?



2014ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ನಮ್ಮವರ ಕೇರಿಗೆ ನುಗ್ಗಿ ಗುಡಿಸಲು ಸುಟ್ಟರು. 2024ರ ಅಕ್ಟೋಬರ್ 24ರಂದು ಆ ಮೊಕದ್ದಮೆಯಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ಆಯಿತು. ಅವತ್ತು ರಾತ್ರಿ ಹಾಸ್ಟೆಲ್ಲಿನಲ್ಲಿ ಪೇಡೆ ಹಂಚಿದೆವು. "ಗೆದ್ವಿ" ಅಂತ ಕೂಗಿದೆವು. ತಿಂಗಳು ತುಂಬಿರಲಿಲ್ಲ, ನಮ್ಮ ಧಾರವಾಡದ ಹೈಕೋರ್ಟ್ ಪೀಠದಲ್ಲೇ ಅವರಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು.

ಅಣ್ಣಿಗೇರಿಯ ಪಿಯುಸಿ ಹುಡುಗನೊಬ್ಬ ಕೇಳಿದ: "ಯಣ್ಣಾ, ಹಂಗಾದ್ರ ನಾವು ಗೆದ್ದದ್ದು ಸುಳ್ಳೇನ?"

ನನಗೆ ಮಾತು ಬರಲಿಲ್ಲ. ಈ ಸಲದ ಸಂಪಾದಕೀಯ ಅವನಿಗೇ.

ತಮ್ಮಾ, ನಿಮ್ಮ ಅಣ್ಣಿಗೇರಿ ಪಂಪನ ತಾಯಿ ಅಬ್ಬಣಬ್ಬೆಯ ಕಡೆಯವರ ಊರು. ಪಂಪ ತನ್ನ ಭಾರತಕ್ಕೆ 'ವಿಕ್ರಮಾರ್ಜುನ ವಿಜಯ' ಅಂತ ಹೆಸರಿಟ್ಟ. ಹದಿನೆಂಟು ದಿನ ಕಾದಿದರು, ಕೌರವರು ಬಿದ್ದರು, ಅರ್ಜುನ ಪಟ್ಟ ಏರಿದ. ಅಲ್ಲಿ ವಿಜಯ ಎಲ್ಲರ ಕಣ್ಣಿಗೂ ಕಾಣ್ತದ. ನಮ್ಮ ಯುದ್ಧಕ್ಕೆ ದಿನದ ಲೆಕ್ಕ ಇಲ್ಲ. ಯಾರನ್ನೂ ಕೊಂದು ಪಟ್ಟ ಏರೋದು ನಮಗೆ ಬೇಕಾಗಿಲ್ಲ. ಎದುರು ನಿಂತವರ ಜೊತೆಗೇ ನಾಳೆ ಅದೇ ಊರಾಗ ಬಾಳೇವು ಮಾಡಬೇಕು. ಅದಕ್ಕೇ ನಮ್ಮ ಗೆಲುವು ಗುರುತು ಸಿಗೋದಿಲ್ಲ.

ಮಹಾಡ್ ನೆನಪು ಮಾಡಿಕೊ. 1924ರಲ್ಲೇ ಅಲ್ಲಿನ ಪುರಸಭೆ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿತ್ತು. ಕಾಗದ ಸಿಕ್ಕಿತು, ನೀರು ಸಿಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಬೊಗಸೆಯಲ್ಲಿ ಆ ನೀರು ಕುಡಿದರು. ಅದೇ ದಿನ ನಮ್ಮವರ ಮೇಲೆ ಬಡಿಗೆ ಬಿದ್ದವು. ಆಮೇಲೆ ಸಗಣಿ, ಗಂಜಲ ಸುರಿದು ಕೆರೆ 'ಶುದ್ಧ' ಮಾಡಿದರು. ಪುರಸಭೆ ತನ್ನ ಠರಾವನ್ನೇ ನುಂಗಿತು. ಮುಂಬೈ ಹೈಕೋರ್ಟು ನಮ್ಮ ಕಡೆ ತೀರ್ಪು ಕೊಟ್ಟದ್ದು 1937ರಲ್ಲಿ. ಈಗ ನೀನೇ ಹೇಳು, ಗೆದ್ದ ತಾರೀಖು ಯಾವುದು?

ಠರಾವು ಹರಿಯಬಹುದು, ಕೆರೆ ತೊಳೆಯಬಹುದು. ನಮ್ಮ ನಾಲಿಗೆಗೆ ಹತ್ತಿದ ಆ ನೀರಿನ ರುಚಿ ಮಾತ್ರ ತೊಳೆಯಲಾಗಲಿಲ್ಲ. ಹತ್ತು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿಸಿದ್ದು ಆ ರುಚಿ.

ನನ್ನ ಅಳತೆ ಸಣ್ಣದು. ತೀರ್ಪಿನ ದಿನ ಬಿಡು, ಊರಿನಿಂದ ಪೊಲೀಸ್ ವ್ಯಾನು ಹೊಂಟ ಮರುದಿನ ನೋಡು. ನಮ್ಮ ಹುಡುಗ ಕ್ಷೌರದಂಗಡಿ ಕುರ್ಚಿ ಮೇಲೆ ಕುಂತಾಗ ಯಾರೂ ತಿರುಗಿ ನೋಡದಿದ್ದರೆ, ಚಾದಂಗಡಿಯಲ್ಲಿ ಅವನ ಕಪ್ಪನ್ನು ಎಲ್ಲರ ಕಪ್ಪಿನ ಜೊತೆ ತೊಳೆದರೆ, ಆ ಒಂದು ಊರಿನಷ್ಟು ಗೆದ್ವಿ. ಆ ಗೆಲುವಿಗೆ ಮೆರವಣಿಗೆ ಇಲ್ಲ, ಪೇಪರಿನಲ್ಲೂ ಬರೋದಿಲ್ಲ.

ಪೇಡೆ ತಿಂದದ್ದು ತಪ್ಪಲ್ಲ ತಮ್ಮಾ. ಹತ್ತು ವರ್ಷ ಅಂಜದೆ ನಿಂತ ಮರಕುಂಬಿಯ ನಮ್ಮ ಜನಕ್ಕೆ ಅದು ಸಲ್ಲಬೇಕು. ಪೇಡೆ ತಿಂದು ಮಲಗಿದ್ದು ತಪ್ಪು.

ರಜೆಗೆ ಊರಿಗೆ ಹೋದಾಗ ಚಾದಂಗಡಿಯ ಬೆಂಚಿನ ಮೇಲೆ ಹೋಗಿ ಕುಂದ್ರು. ಒಬ್ಬನೇ ಹೋಗಬೇಡ, ಗೆಳೆಯರನ್ನು ಕರಕೊ. ಏನಾಯಿತು ಅಂತ ಬಂದು ಬರೆದುಕೊಡು. ಮುಂದಿನ ಸಂಚಿಕೆಯಲ್ಲಿ ಹಾಕೋಣ.

ಜೈ ಭೀಮ್.